ಹೊಸ ಫೋನಿನ ಪರದೆಯಲ್ಲಿ ಕಲೆ ಹುಡುಕುವ ಕ್ರಮ

ಬೇಕಾಗುವ ಸಾಮಗ್ರಿ: ಹೊಸ ಫೋನು, ಕತ್ತಲೆ ಕೋಣೆ, ದಪ್ಪನೆಯ ರಗ್ಗು, ಎಂಥದರಲ್ಲೂ ಕೊರತೆ ಕಾಣಬಲ್ಲ ಸ್ವಭಾವ. ಕೊನೆಯದು ಹುಟ್ಟಿನಿಂದ ಬಾರದವರು ಹತ್ತಾರು ಕಡೆ ಹೆಣ್ಣು ನೋಡಿ ಬಂದ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು.

ಹಗಲಲ್ಲಿ ಪರದೆ ನೋಡಿ ಮೋಸಹೋಗಬೇಡಿ. ಬಿಸಿಲಿನಲ್ಲಿ ಎಲ್ಲ ಫೋನೂ ಸುರಸುಂದರ. ರಾತ್ರಿ ಊಟವಾದ ಮೇಲೆ, ಬೋಂಡಾ ಮುಟ್ಟಿದ ಬೆರಳಿನ ಗುರುತುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಅರ್ಧ ದೋಷ ಅಲ್ಲಿಗೇ ಮುಗಿದರೆ ನಿರಾಶರಾಗಬೇಡಿ. ಆಟೋ ಬ್ರೈಟ್‌ನೆಸ್ ಆಫ್ ಮಾಡಿ. ಕಣ್ಣಿಗೆ ಹಿತವೆಂದು ಹಳದಿ ಬಳಿಯುವ ನೈಟ್ ಮೋಡನ್ನೂ ತೆಗೆಯಿರಿ. ಇಲ್ಲವಾದರೆ ಆ ಹಳದಿಯನ್ನೇ ಕಾರ್ಖಾನೆಯ ತಪ್ಪೆಂದುಕೊಂಡು ನಿದ್ದೆಗೆಡುತ್ತೀರಿ.

ನಿಮ್ಮದು ಎಲ್‌ಸಿಡಿಯಾದರೆ ಕೆಲಸ ಸುಲಭ. ಅದರ ದೀಪ ಪರದೆಯ ಹಿಂದಿರುತ್ತದೆ. ಪೂರ್ತಿ ಕಪ್ಪು ಚಿತ್ರ ಹಾಕಿ ಬೆಳಕು ಏರಿಸಿ, ಅಂಚಿನಲ್ಲಿ ಸೋರುವುದನ್ನು ನೋಡಿ, ಬೇಜಾರು ಮಾಡಿಕೊಂಡು ಮಲಗಿ.

ಓಎಲ್‌ಇಡಿಯವರು ರಗ್ಗು ಹೊದೆಯಬೇಕು. ಇಲ್ಲಿ ಕಪ್ಪು ಚಿತ್ರ ದಂಡ. ಕಪ್ಪೆಂದರೆ ಆ ಜಾಗದ ಪಿಕ್ಸೆಲ್ ಆರಿಯೇ ಇರುತ್ತದೆ, ಆರಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲಿಂದ ಬಂತು? ಕಡು ಬೂದು ಬಣ್ಣದ ಚಿತ್ರ ತುಂಬಿಸಿ, ಬ್ರೈಟ್‌ನೆಸ್ಸನ್ನು ತೀರಾ ಕೆಳಕ್ಕೆ ಎಳೆಯಿರಿ. 1080 × 2400ರ ಪರದೆಯಲ್ಲಿ ಸುಮಾರು 26 ಲಕ್ಷ ಪಿಕ್ಸೆಲ್‌ಗಳಿವೆ. ಅವುಗಳಿಗೆ ಕರೆಂಟು ಅಳೆದು ಕೊಡುವ ಪುಟಾಣಿ ಟ್ರಾನ್ಸಿಸ್ಟರುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಧಾರಾಳವಾಗಿ ಹರಿಯುವಾಗ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಕರೆಂಟು ಚೂರೇ ಚೂರು ಇದ್ದಾಗ ಎದ್ದು ಕಾಣುತ್ತದೆ. ಕಾರ್ಖಾನೆಯವರಿಗೆ ಇದೇನು ಹೊಸತಲ್ಲ. ಪರದೆ ಬೆಳಗಿಸಿ, ಕ್ಯಾಮೆರಾದಲ್ಲಿ ಸೆರೆಹಿಡಿದು, ಎಲ್ಲೆಲ್ಲಿ ಎಷ್ಟು ತಿದ್ದಬೇಕೆಂಬ ಲೆಕ್ಕವನ್ನು ಬರೆದಿಟ್ಟೇ ಕಳಿಸುತ್ತಾರೆ. ಡಿಮುರಾ ಎನ್ನುವ ಕೆಲಸ ಅದು. ಅವರ ಲೆಕ್ಕಕ್ಕೂ ಸಿಗದೆ ಉಳಿದದ್ದನ್ನು ಹಿಡಿಯಲೆಂದೇ ನೀವು ಈಗ ಉಸಿರುಕಟ್ಟಿ ರಗ್ಗಿನೊಳಗೆ ಇರುವುದು.

ಎಡಕ್ಕೆ ನಸುಗುಲಾಬಿ, ಬಲಕ್ಕೆ ಹಸಿರು ಛಾಯೆ, ನಡುವೆ ಉದ್ದುದ್ದ ಗೆರೆ ಕಂಡರೆ ಪರೀಕ್ಷೆ ಯಶಸ್ವಿ. ಏನೂ ಕಾಣದಿದ್ದರೆ ಇನ್ನೂ ಐದು ನಿಮಿಷ ದಿಟ್ಟಿಸಿ, ಖಂಡಿತ ಕಾಣುತ್ತದೆ. ಸಾಕ್ಷಿಗೆಂದು ಇನ್ನೊಂದು ಫೋನಿನಲ್ಲಿ ಫೋಟೋ ತೆಗೆದರೆ ಇಲ್ಲದ ಪಟ್ಟೆಗಳೂ ಮೂಡಬಹುದು: ಎಷ್ಟೋ ಓಎಲ್‌ಇಡಿಗಳು ಮಂಕಾಗುವುದೇ ಕಣ್ಣಿಗೆ ತಿಳಿಯದಷ್ಟು ಬೇಗ ಮಿಟುಕುತ್ತ, ಕ್ಯಾಮೆರಾ ಅದನ್ನು ಹಿಡಿದುಬಿಡುತ್ತದೆ. ಮನುಷ್ಯ ಸಾಕ್ಷಿಯೇ ವಾಸಿ. ಮನೆಯವರನ್ನು ಎಬ್ಬಿಸಿ.

“ಎಡಗಡೆ ಗುಲಾಬಿ ಇಲ್ವೇನೇ?”

“ಎಲ್ಲಿ ರೀ? ಅದನ್ನ ಆರಿಸಿ ಮಲಗಿ, ಬೆಳಿಗ್ಗೆ ಹಾಲಿನವನು ಬರ್ತಾನೆ.”

ಮಾಮೂಲು ಬೆಳಕಿನಲ್ಲಿ, ಬಿಳಿ ಪುಟ ಓದುವಾಗಲೂ ಕಲೆ ಕಂಡರೆ ಅದು ನಿಜವಾದ ದೋಷ. ಬದಲಿಸಿ ಕೊಡುವ ಅವಧಿ ಮುಗಿಯುವ ಮುಂಚೆ ಅಂಗಡಿಗೆ ಓಡಿ. ರಗ್ಗಿನೊಳಗಿನ ಕಲೆಗೆ ನನ್ನ ಪ್ರಕಾರ ರಗ್ಗು ತೆಗೆಯುವುದೇ ಔಷಧಿ. ಆದರೂ ಹಟ ಬಿಡದವರು ಹೋಗಿ ನೋಡಿ. ಕೌಂಟರಿನ ಹುಡುಗ ಟ್ಯೂಬ್‌ಲೈಟಿನ ಕೆಳಗೆ ಫೋನು ಹಿಡಿದು, ಮೊದಲು ಬ್ರೈಟ್‌ನೆಸ್ ಪೂರ್ತಿ ಏರಿಸಿ, “ಎಲ್ಲಿ ಸಾರ್?” ಅನ್ನುತ್ತಾನೆ. ಅಂಗಡಿಯ ದೀಪ ಆರಿಸಲು ಹೇಳುವ ಧೈರ್ಯ ನಿಮಗಿರುವುದಿಲ್ಲ. ಅಷ್ಟರಲ್ಲಿ ಅವನು ಟೆಂಪರ್ಡ್ ಗ್ಲಾಸ್ ಒಂದನ್ನು ಅಂಟಿಸಿ, ಮೂಲೆಯಲ್ಲಿ ಕಡಲೆಬೇಳೆ ಗಾತ್ರದ ಗುಳ್ಳೆ ಉಳಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಹೇಳುತ್ತಾನೆ: “ಎರಡು ದಿನದಲ್ಲಿ ತಾನಾಗೇ ಹೋಗತ್ತೆ ಸಾರ್.”