ಲೋಟಾದಾಗಿನ ವೈನು

ಅಫಜಲಪುರ ತಾಲ್ಲೂಕಿನ ಸೊನ್ನಕ್ಕೆ ಮಂದಿ ಬರುವುದು ಭೀಮಾ ಬ್ಯಾರೇಜು ನೋಡಲು. ಬೆಂಗಳೂರಿನ ನಮ್ಮ ಗೆಳೆಯ ಮಾತ್ರ ನಂದಿಬೆಟ್ಟದ ತಪ್ಪಲಿನ ಎರಡು ಬಾಟಲಿ ವೈನ್ ಹಿಡಿದು ಬಂದ. ಕರ್ನಾಟಕಕ್ಕೆ 2007ರಿಂದಲೇ ವೈನ್ ನೀತಿ ಇದೆ. ನಮ್ಮೂರ ಅಡುಗೆಮನೆಗೆ ಅದು ಆವತ್ತೇ ಮುಟ್ಟಿದ್ದು.

'ಕೆಂಪು ವೈನ್ ಕೋಣೆಯ ಉಷ್ಣಾಂಶದಲ್ಲಿರಬೇಕು, 16ರಿಂದ 18 ಡಿಗ್ರಿ' ಎಂದ. ಮೇ ತಿಂಗಳಲ್ಲಿ ನಮ್ಮ ಕೋಣೆಯೊಳಗೆ ಮೇಣದಬತ್ತಿಯೇ ನಮಸ್ಕಾರ ಹಾಕುತ್ತದೆ! ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಜ್ವರ ಬಂದ ಕೂಸಿನಂತೆ ನೀರಿನ ಹರವಿ ಪಕ್ಕ ಮಲಗಿಸಿದೆವು. ಗಾಜಿನ ಗ್ಲಾಸಿಲ್ಲ, ಸ್ಟೀಲ್ ಲೋಟಾ. 'ಮೊದಲು ಬಣ್ಣ ನೋಡಿ' ಎಂದ. ಲೋಟಾದ ಬಣ್ಣವೇ ಕಂಡಿತು.

ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು. ಪುಂಡಿಪಲ್ಯದ ಹುಳಿಯ ಮುಂದೆ ಬಿಳಿ ವೈನಿನ ಹುಳಿ ಬಾಲ ಮಡಚಿತು. ಹಿಂಡಿಯ ಖಾರಕ್ಕೆ ಕೆಂಪು ವೈನ್ ಇನ್ನಷ್ಟು ಉರಿಯಿತು.

'ನಾಲಗೆ ಹಿಡಿತದಲ್ಲ, ಅದು ಟ್ಯಾನಿನ್.'

'ಒಗರು ಅನ್ನಪಾ, ನೇರಳಿ ಹಣ್ಣಿನ್ಯಾಗೂ ಐತಿ.'

ಪರಿಣತರು ರುಚಿ ನೋಡಿ ಉಗುಳುತ್ತಾರೆ ಎಂದಾಗ, ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು:

'ಉಗುಳಾಕ ಎಲಿ-ಅಡಿಕಿ ಸಾಕಲ್ಲೋ, ಅದಕ್ಯಾಕ ಇಷ್ಟು ರೊಕ್ಕ?'