ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೊಬೈಲಿನಲ್ಲಿ ವಿಡಿಯೋ ತಡವರಿಸಿದರೆ ಅದಕ್ಕೆ ಮದ್ದು ಗೊತ್ತಿಲ್ಲ ಎನ್ನುವ ಮನುಷ್ಯ ನನಗಿನ್ನೂ ಕರ್ನಾಟಕದಲ್ಲಿ ಸಿಕ್ಕಿಲ್ಲ. ಮಗುವಿಗೆ ವಾಂತಿಯಾದರೆ ಕೂಡ ನಮ್ಮ ಜನ ಒಮ್ಮೊಮ್ಮೆ ‘ಯಾವುದಕ್ಕೂ ಡಾಕ್ಟರಿಗೆ ತೋರಿಸಿಬಿಡಿ’ ಅಂದುಬಿಡುತ್ತಾರೆ. ಮೊಬೈಲಿನ ವಿಷಯದಲ್ಲಿ ಆ ವಿನಯ ಯಾರಿಗೂ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳದೆಯೇ ಕೈಚಾಚಿ ಫೋನ್ ಇಸಿದುಕೊಂಡು, ‘ಕ್ಯಾಶೆ ಕ್ಲಿಯರ್ ಮಾಡಿದ್ರಾ?’ ಎಂದು ಗದರುತ್ತಾರೆ. ಅಲ್ಲಿಗೂ ವಾಸಿಯಾಗದಿದ್ದರೆ ಆಫ್ ಮಾಡಿ ಆನ್ ಮಾಡು. ಅದಕ್ಕೂ ಜಗ್ಗದಿದ್ದರೆ ಹೊಸದು ತಗೋ. ಇಷ್ಟೇ ನಮ್ಮ ಮೊಬೈಲ್ ವೈದ್ಯಶಾಸ್ತ್ರ. ಏನಾಗಿದೆ ಎಂದು ಮೊದಲು ಕೇಳುವ ಪದ್ಧತಿ ಅದರಲ್ಲಿಲ್ಲ.

ಕೇಳುವುದೇನೂ ಕಷ್ಟವಿಲ್ಲ. ತೆರೆಯ ನಡುವೆ ಬಿಳಿ ಚಕ್ರ ತಿರುಗುತ್ತಿದ್ದರೆ ಸಾಮಾನ್ಯವಾಗಿ ತಪ್ಪು ನೆಟ್‌ವರ್ಕಿನದು. ಫೋನು ಪಾಪ, ಬರಬೇಕಾದದ್ದು ಬರಲಿ ಎಂದು ಕಾಯುತ್ತಾ ಕೂತಿದೆ. ಚಕ್ರವಿಲ್ಲ, ದನಿ ಸರಾಗವಾಗಿದೆ, ಚಿತ್ರ ಮಾತ್ರ ಕುಂಟುತ್ತಿದೆ ಎಂದರೆ ಒಳಗೆ ಚಿತ್ರ ಬಿಡಿಸುವ ಕೆಲಸ ಹಿಂದೆ ಬಿದ್ದಿದೆ. ಮೊದಲ ಕಾಲು ಗಂಟೆ ಚೆನ್ನಾಗಿದ್ದು ಆಮೇಲೆ ಎಡವತೊಡಗಿದರೆ ಫೋನಿನ ಬೆನ್ನು ಮುಟ್ಟಿ ನೋಡಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಫೋನಿಗೆ ದಪ್ಪ ರಬ್ಬರ್ ಕವರ್ ತೊಡಿಸಿ, ಚಾರ್ಜಿಗೂ ಹಾಕಿಕೊಂಡು ಐಪಿಎಲ್ ನೋಡಿದರೆ, ಅದು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫೋನಿನಲ್ಲಿರುವ ಈ ವಿವೇಕಕ್ಕೆ ನಾವು ಇಟ್ಟ ಹೆಸರು ‘ಹ್ಯಾಂಗ್’. ಮೂರು ಬೇರೆ ಬೇರೆ ಕಾಯಿಲೆ. ಮೂರಕ್ಕೂ ನಾವು ಕ್ಯಾಶೆಯನ್ನೇ ಬಡಿಯುತ್ತೇವೆ.

ನಮ್ಮ ಷಡ್ಡಕರ ಮಗಳ ಮದುವೆ ವಿಡಿಯೋವನ್ನೇ ತೆಗೆದುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಬಂದದ್ದನ್ನು ಫೋನಿಗೆ ಇಳಿಸಿಕೊಂಡು ಮನೆಮಂದಿಯೆಲ್ಲ ಬಗ್ಗಿ ನೋಡುತ್ತಿದ್ದೆವು. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗಿದ್ದು ಕೇಳಿಸಿತು, ವಾಲಗ ಏರಿತು, ಅಕ್ಷತೆಯ ಗದ್ದಲವೂ ಮುಗಿಯಿತು. ತೆರೆಯ ಮೇಲೆ ಮದುಮಗ ಮಾತ್ರ ಮಾಂಗಲ್ಯ ಹಿಡಿದ ಕೈ ಎತ್ತಿಕೊಂಡು ಹಾಗೇ ನಿಂತಿದ್ದ. ಆ ಕೈ ಕೆಳಗಿಳಿಯುವ ಹೊತ್ತಿಗೆ ಯಾರೋ ‘ಮೊದಲ ಪಂಕ್ತಿಗೆ ಎಲೆ ಹಾಕಿದೆ, ಬನ್ನಿ’ ಎನ್ನುತ್ತಿದ್ದರು. ‘ಫೋನ್ ವೀಕ್ ಆಗಿದೆ ಭಾವ’ ಎಂದರು ಷಡ್ಡಕರು.

ವೀಕ್ ಆಗದೆ ಇನ್ನೇನಾದೀತು? ಅದು 4ಕೆ ವಿಡಿಯೋ, ಸೆಕೆಂಡಿಗೆ 60 ಫ್ರೇಮ್. ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ಒಂದು ಫ್ರೇಮಿಗೆ 83 ಲಕ್ಷ ಚುಕ್ಕೆ, ಸೆಕೆಂಡಿಗೆ ಹತ್ತಿರ ಹತ್ತಿರ 50 ಕೋಟಿ. ಇಷ್ಟನ್ನೂ ಆ ಬಡಪಾಯಿ ಚಿಪ್ಪು ಬಿಡಿಸಬೇಕು, ಒಂದೊಂದು ಫ್ರೇಮನ್ನೂ ಸೆಕೆಂಡಿನ ಅರವತ್ತನೇ ಒಂದು ಪಾಲಿನೊಳಗೆ. ಬಿಡಿಸಿ ಎಲ್ಲಿ ತೋರಿಸುವುದು? ಷಡ್ಡಕರ ಫೋನಿನ ಪರದೆ 720ರದು. ಅಂದರೆ ಒಂಬತ್ತು ಚುಕ್ಕೆ ಬಿಡಿಸಿ, ಆ ಒಂಬತ್ತನ್ನೂ ಅರೆದು ಒಂದು ಚುಕ್ಕೆ ಮಾಡಬೇಕು. ಅಗ್ಗದ ಎಷ್ಟೋ ಚಿಪ್‌ಗಳಿಗೆ 1080ಕ್ಕಿಂತ ಮೇಲಿನದನ್ನು ಬಿಡಿಸುವ ಶಕ್ತಿಯೇ ಇರುವುದಿಲ್ಲ. ವಿಡಿಯೋದವರಿಂದ 1080ರ ಒಂದು ಪ್ರತಿ ಮಾಡಿಸಿಕೊಂಡರೆ ಮುಗಿಯಿತು ಎಂದು ನಾನು ಹೇಳಿದೆ. ಷಡ್ಡಕರ ಮುಖ ಸಪ್ಪಗಾಯಿತು. ಅವರು ದುಡ್ಡು ಕೊಟ್ಟಿರುವುದು ‘4ಕೆ ಸಿನಿಮ್ಯಾಟಿಕ್ ಪ್ಯಾಕೇಜ್’ಗೆ. ಇಳಿಸಿದರೆ ಬೀಗರ ಮುಂದೆ ಏನು ಉಳಿಯುತ್ತದೆ? ಅಳಿಯ ಬೇಕಾದರೆ ಇನ್ನೂ ಸ್ವಲ್ಪ ಹೊತ್ತು ಕೈ ಎತ್ತಿಕೊಂಡೇ ನಿಂತಿರಲಿ.

ಇನ್ನು ಬಿಡಿಸುವ ಭಾಷೆಯ, ಅಂದರೆ ಕೋಡೆಕ್‌ನ ಕಥೆ. ವಿಡಿಯೋ ಬಿಡಿಸಲೆಂದೇ ಚಿಪ್ಪಿನಲ್ಲಿ ಪ್ರತ್ಯೇಕ ಡಿಕೋಡರ್ ಇರುತ್ತದೆ. ಅದಕ್ಕೆ ಕಾರ್ಖಾನೆಯಲ್ಲಿ ಕಲಿಸಿದಷ್ಟೇ ಗೊತ್ತು, ಆಮೇಲೆ ಹೊಸದು ಕಲಿಯುವುದಿಲ್ಲ. 2003ರ ಎಚ್.264 ಎಲ್ಲ ಫೋನಿಗೂ ಬಾಯಿಪಾಠ. 2013ರ ಎಚ್‌ಇವಿಸಿ ಬಹುಪಾಲು ಫೋನಿಗೆ ಬರುತ್ತದೆ. 2018ರಲ್ಲಿ ಗೂಗಲ್, ನೆಟ್‌ಫ್ಲಿಕ್ಸ್, ಅಮೆಜಾನ್ ಮುಂತಾದ ದೊಡ್ಡವರೆಲ್ಲ ಸೇರಿ ಎವಿ1 ಎಂಬ ಹೊಸದನ್ನು ತಂದರು. ಡೇಟಾ ಉಳಿಯುತ್ತದೆ, ರಾಯಲ್ಟಿ ಕಟ್ಟುವ ತಾಪತ್ರಯವಿಲ್ಲ. ಸಂತೋಷ. ಆದರೆ ಅದನ್ನು ಬಿಡಿಸಬಲ್ಲ ಡಿಕೋಡರ್ ಮೀಡಿಯಾಟೆಕ್‌ನ ಡೈಮೆನ್ಸಿಟಿ 1000ದಲ್ಲಿ ಬಂದದ್ದು 2019ರಲ್ಲಿ. ಸ್ನ್ಯಾಪ್‌ಡ್ರಾಗನ್‌ನ ಅತಿ ದುಬಾರಿ ಚಿಪ್ಪಿಗೇ 2022ರ ಕೊನೆಯವರೆಗೆ ಕಾಯಬೇಕಾಯಿತು. ಡಿಕೋಡರಿಗೆ ಬಾರದ್ದನ್ನು ಪ್ರೊಸೆಸರ್ ತಾನೇ ಮೈಬಗ್ಗಿಸಿ ಬಿಡಿಸಬೇಕು. ಉಳಿತಾಯದಲ್ಲಿ ನಿಮಗೂ ಚೂರು ಪಾಲುಂಟು, ಇಲ್ಲವೆನ್ನುವುದಿಲ್ಲ. ಬೆವರು ಮಾತ್ರ ಪೂರ್ತಿ ನಿಮ್ಮ ಫೋನಿನದು. ಎಂಎಕ್ಸ್ ಪ್ಲೇಯರಿನ ಮೇಲ್ತುದಿಯಲ್ಲಿ ಎಚ್‌ಡಬ್ಲ್ಯೂ (ಹಾರ್ಡ್‌ವೇರ್, ಅಂದರೆ ಡಿಕೋಡರ್), ಎಸ್‌ಡಬ್ಲ್ಯೂ (ಸಾಫ್ಟ್‌ವೇರ್, ಅಂದರೆ ಪ್ರೊಸೆಸರ್) ಎಂಬ ಗುಂಡಿ ಇರುವುದು ಇದಕ್ಕೇ. ಎಸ್ ಎಂದರೆ ಸ್ಪೀಡ್ ಇರಬೇಕೆಂದು ಅದನ್ನೇ ಒತ್ತಿ, ಚೆನ್ನಾಗಿ ಓಡುತ್ತಿದ್ದುದನ್ನೂ ಕುಂಟಿಸಿದ ಪುಣ್ಯಾತ್ಮರನ್ನು ಬಲ್ಲೆ.

ಯೂಟ್ಯೂಬ್‌ನಲ್ಲಿ ಕಾಯಿಲೆ ಪತ್ತೆ ಇನ್ನೂ ಸುಲಭ. ಸೆಟ್ಟಿಂಗ್ಸ್‌ನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಚಾಲೂ ಮಾಡಿದರೆ ಯಾವ ಕೋಡೆಕ್ ಓಡುತ್ತಿದೆ, ಎಷ್ಟು ಫ್ರೇಮ್ ಬಿದ್ದುಹೋದವು, ಬಫರ್ ಎಷ್ಟಿದೆ ಎಲ್ಲವನ್ನೂ ಚಿತ್ರದ ಮೇಲೆಯೇ ಬರೆದು ತೋರಿಸುತ್ತದೆ. ರೋಗಿಯೇ ತನ್ನ ರಿಪೋರ್ಟು ಹಿಡಿದು ನಿಂತ ಹಾಗೆ. ಅದನ್ನು ತೆರೆದು ನೋಡಿದ ರಿಪೇರಿಯವರನ್ನು ನಾನಂತೂ ಕಂಡಿಲ್ಲ.

ಬದಲಿಗೆ ಷಡ್ಡಕರು ‘ಬೂಸ್ಟರ್’ ಆ್ಯಪ್ ಹಾಕಿಸಿಕೊಂಡರು. ಒಂದು ಸಾಲದೆಂದು ಮೂರು. ಗುಂಡಿ ಒತ್ತಿದರೆ ತೆರೆಯ ಮೇಲೆ ರಾಕೆಟ್ ಹಾರುತ್ತದೆ, ಪೊರಕೆಯೊಂದು ಗುಡಿಸುತ್ತದೆ, ‘ಅಭಿನಂದನೆ, ನಿಮ್ಮ ಫೋನ್ ಈಗ ವೇಗವಾಗಿದೆ’ ಎಂದು ಹಸಿರು ಅಕ್ಷರ ಬರುತ್ತದೆ. ನಂತರ ಜಾಹೀರಾತು. ಜಾಹೀರಾತೂ ವಿಡಿಯೋನೇ, ಅದು ಮಾತ್ರ ಒಂದು ಸಲವೂ ತಡವರಿಸುವುದಿಲ್ಲ. ಬೂಸ್ಟರ್ ಮುಚ್ಚಿದ ಆ್ಯಪ್‌ಗಳನ್ನು ಆಂಡ್ರಾಯ್ಡ್ ಮತ್ತೆ ಮೊದಲಿಂದ ತೆರೆಯಬೇಕು. ಬೂಸ್ಟರ್ ಮತ್ತೆ ಮುಚ್ಚಬೇಕು. ಇಬ್ಬರಿಗೂ ಕೈತುಂಬ ಕೆಲಸ, ವಿಡಿಯೋ ನೋಡಿಕೊಳ್ಳಲು ಪುರುಸೊತ್ತಿಲ್ಲ. ಜಾಹೀರಾತಿನ ಉಪದ್ರವ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಗೂಗಲ್ ಸುಮಾರು 600 ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ಒಮ್ಮೆಗೇ ಹೊರಹಾಕಿತು. ಜಾಹೀರಾತಿನಿಂದಲೇ ಹೊಟ್ಟೆ ಹೊರೆಯುವ ಗೂಗಲ್‌ಗೇ ಜಾಹೀರಾತು ಹೆಚ್ಚಾಯಿತು ಎನಿಸಿದೆ ಎಂದರೆ, ಆ ಆ್ಯಪ್‌ಗಳ ಯೋಗ್ಯತೆ ಎಷ್ಟಿರಬೇಕು.

ಫೋನ್ ಕಂಪನಿಗಳೇನೂ ಸಾಚಾ ಅಲ್ಲ. ಹಳೆಯ ಫೋನಿಗೆ ಅಪ್‌ಡೇಟ್ ಕೊಟ್ಟು ನಿಧಾನ ಮಾಡಿದ್ದಕ್ಕೆ ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರಲ್ಲಿ ಆಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ನಮ್ಮಲ್ಲಿ ಕಂಪನಿಗಳಿಗೆ ಅಷ್ಟು ಶ್ರಮವೂ ಬೇಡ. ನಿಧಾನವಾಯಿತು ಎಂದು ನಾವಾಗಿಯೇ ಹೋಗಿ ಕೊಳ್ಳುತ್ತೇವೆ.

ನೆಟ್‌ವರ್ಕಿನವರ ಧೈರ್ಯವನ್ನಂತೂ ಮೆಚ್ಚಬೇಕು. ಈ ದೇಶದಲ್ಲಿ 2023ರ ಆರಂಭದವರೆಗೆ ಸೆಕೆಂಡಿಗೆ 512 ಕಿಲೋಬಿಟ್ ಬಂದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದಿತ್ತು. ಆಮೇಲೆ 2 ಮೆಗಾಬಿಟ್ ಮಾಡಿದರು. ದಿನದ ಡೇಟಾ ಮುಗಿದ ಮೇಲೆ ಬರುವ 64 ಕಿಲೋಬಿಟ್ಟಿನ ತೊಟ್ಟಿಕ್ಕುವ ಧಾರೆಗೆ ಪ್ಲಾನಿನಲ್ಲಿರುವ ಹೆಸರು ‘ಅನ್‌ಲಿಮಿಟೆಡ್’. ನಿಜವೇ, ಚಕ್ರ ಎಷ್ಟು ಹೊತ್ತು ಬೇಕಾದರೂ ತಿರುಗಬಹುದು. ಡೇಟಾ ಇದ್ದೂ ನೆಟ್‌ವರ್ಕ್ ನಿಧಾನವಾದರೆ ಮದ್ದು ಬಡವರ ಮದ್ದೇ: ಗುಣಮಟ್ಟವನ್ನು 480ಕ್ಕೆ ಇಳಿಸುವುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ನೆಟ್‌ವರ್ಕ್ ಕುಸಿಯದಿರಲೆಂದು ಸ್ಟ್ರೀಮಿಂಗ್ ಕಂಪನಿಗಳು ಮೊಬೈಲ್ ಡೇಟಾದಲ್ಲಿ ಎಚ್‌ಡಿ ನಿಲ್ಲಿಸಿ ಇದೇ 480ಕ್ಕೆ ಇಳಿಸಿದ್ದವು. ಎಚ್‌ಡಿ ಬೇಕೆಂದು ಯಾರೂ ಬೀದಿಗಿಳಿಯಲಿಲ್ಲ. ಇಳಿಯಲು ಪೊಲೀಸರು ಬಿಡುತ್ತಲೂ ಇರಲಿಲ್ಲ ಅನ್ನಿ, ಆದರೆ ಅಂಗೈಯಗಲದ ಪರದೆಯಲ್ಲಿ ಎಷ್ಟೋ ಮಂದಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಕೊನೆಗೆ ಉಳಿದದ್ದು ನಮ್ಮ ಭಕ್ತಿ. ಭಾರತದ ಫೋನುಗಳು ಯಾಕೆ ಹೀಗೆ ಕಟ್ಟಿಕೊಳ್ಳುತ್ತವೆ ಎಂದು ಗೂಗಲ್‌ನವರು ಹುಡುಕುತ್ತಾ ಹೋದರೆ ಸಿಕ್ಕಿದ್ದು ಗುಡ್ ಮಾರ್ನಿಂಗ್ ಚಿತ್ರಗಳ ರಾಶಿ. 2018ರಲ್ಲಿ ಇದು ಅಮೆರಿಕದ ಪತ್ರಿಕೆಯಲ್ಲೇ ಸುದ್ದಿಯಾಯಿತು. ಸ್ಟೋರೇಜ್ ತುಂಬಿ ತುಳುಕಿದ ಫೋನಿಗೆ ಬರೆಯಲು ಜಾಗ ಹುಡುಕುವುದೇ ಒಂದು ಸಾಹಸ. ಇಷ್ಟಿದ್ದರೂ ಷಡ್ಡಕರು ಅಳಿಸಲು ಒಪ್ಪಲಿಲ್ಲ. ದೇವರ ಫೋಟೊ ಡಿಲೀಟ್ ಮಾಡುವುದುಂಟೇ?

ಕಡೆಗೆ ಇಬ್ಬರೂ ಮೊಬೈಲ್ ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ಫೋನನ್ನು ಎರಡು ಸಲ ಮಗುಚಿ ನೋಡಿ, ‘ಬೋರ್ಡ್ ವೀಕ್ ಆಗಿದೆ ಸಾರ್, ಎಕ್ಸ್‌ಚೇಂಜ್ ಮಾಡ್ಬಿಡಿ’ ಎಂದ. ಷಡ್ಡಕರು ಇಎಂಐಗೆ ಸಹಿ ಹಾಕಿದರು. ಹಳೆಯ ಫೋನನ್ನೂ ಹೊಸದನ್ನೂ ಅಕ್ಕಪಕ್ಕ ಮಲಗಿಸಿ, ಅದರಲ್ಲಿದ್ದದ್ದನ್ನೆಲ್ಲ ಇದಕ್ಕೆ ದಾಟಿಸುವಷ್ಟರಲ್ಲಿ ನಾವು ಎರಡೆರಡು ಕಾಫಿ ಕುಡಿದೆವು. ಹುಡುಗ ಹೆಮ್ಮೆಯಿಂದ ಫೋನ್ ಕೈಗಿತ್ತ. ‘ನೋಡಿ ಸಾರ್, ಎಲ್ಲಾ ಬಂದಿದೆ. ಫೋಟೊ, ಗುಡ್ ಮಾರ್ನಿಂಗು, ಮೂರೂ ಬೂಸ್ಟರು. ಒಂದನ್ನೂ ಬಿಟ್ಟಿಲ್ಲ.’