ನಿವೃತ್ತಿ ವಯಸ್ಸು ದಾಟಿ ಬಡ್ತಿ ಪಡೆದ ಗಡಿರೇಖೆಯವರಿಗೆ

ಗೆ,
ಶ್ರೀಯುತ ಕರ್ನಾಟಕ–ತಮಿಳುನಾಡು ಗಡಿರೇಖೆಯವರು,
ಮುಕ್ಕಾಂ: ತಾಳವಾಡಿ ರಸ್ತೆ.

ವಿಷಯ: ಬಾಣಂತನವನ್ನು ತುರ್ತು ಕಾರಣಗಳ ಪಟ್ಟಿಗೆ ಸೇರಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮೊದಲಿಗೆ ತಡವಾದ ಅಭಿನಂದನೆ. ತಾವು ಸೇವೆಗೆ ಸೇರಿದ್ದು 1956ರ ನವೆಂಬರ್ 1ರಂದು. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರ 60 ತುಂಬಿದ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ. ತಾವು 63 ದಾಟಿದ ಮೇಲೆ, ಕೊರೊನಾ ಬಂದಾಗ, ಅದೂ ಒಂದೇ ರಾತ್ರಿಯಲ್ಲಿ, ರಾಜ್ಯದ ಗಡಿಯಿಂದ ದೇಶದ ಗಡಿಯ ದರ್ಜೆಗೆ ಬಡ್ತಿ ಪಡೆದಿರಿ. ಬ್ಯಾರಿಕೇಡು, ಶಾಮಿಯಾನ, ಹಣೆಗೆ ಗುರಿಯಿಡುವ ಜ್ವರದ ಗನ್ನು, ಜೊತೆಗೆ ಎರಡು ಸರ್ಕಾರಗಳ ಕಾವಲು. ಇಷ್ಟು ಮರ್ಯಾದೆ ನಮ್ಮ ತಹಶೀಲ್ದಾರರಿಗೂ ಸಿಕ್ಕಿದ್ದು ಕಾಣೆ.

ಅಲ್ಲಿಯ ತನಕ ತಾವಿದ್ದೀರಿ ಅನ್ನುವುದೇ ನಮ್ಮ ಕಡೆ ಯಾರಿಗೂ ನೆನಪಿರಲಿಲ್ಲ. ಬೇಸರ ಮಾಡಿಕೊಳ್ಳಬಾರದು. ನಾನಿರುವುದು ನಂಜನಗೂಡು. ಅವ್ವ ನಮ್ಮಣ್ಣನ ಜೊತೆ ಟಿ. ನರಸೀಪುರದಲ್ಲಿ. ತಂಗಿಯನ್ನು ಕೊಟ್ಟಿರುವುದು ತಾಳವಾಡಿ ಪಕ್ಕದ ಒಂದು ಹಳ್ಳಿಗೆ. ಸಂಬಂಧ ನೋಡುವಾಗ ನೀರಾವರಿ ಎಷ್ಟು ಎಕರೆ, ಹುಡುಗನಿಗೆ ಕುಡಿತ ಇದೆಯಾ, ಮನೆದೇವರು ಯಾವುದು ಎಂದೆಲ್ಲ ಬಗೆದು ಬಗೆದು ವಿಚಾರಿಸಿದ ನಮ್ಮವರು, ಹುಡುಗ ಯಾವ ರಾಜ್ಯದವನು ಎಂದು ಮಾತ್ರ ಕೇಳಲಿಲ್ಲ. ಕೇಳುವಂಥದ್ದೇನೂ ಇರಲಿಲ್ಲ. ಅಲ್ಲಿ ಬಸ್ಸಿನ ಬೋರ್ಡು ತಮಿಳು, ಬಸ್ಸಿನೊಳಗಿನ ಜಗಳ ಕನ್ನಡ. ಅವರು ಓಟು ಹಾಕುವುದು ಈರೋಡ್ ಜಿಲ್ಲೆಯಲ್ಲಿ, ಮುಡಿ ಕೊಡುವುದು ನಮ್ಮ ನಂಜುಂಡೇಶ್ವರನಿಗೆ, ಅಸ್ಥಿ ಬಿಡುವುದು ತಿರುಮಕೂಡಲಿನ ಸಂಗಮದಲ್ಲಿ. ದೀಪಾವಳಿ ಕಳೆದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆ ಹಬ್ಬಕ್ಕೆ ತಮ್ಮ ಎರಡೂ ಮಗ್ಗುಲಿನಿಂದ ಜನ ಹೋಗುತ್ತಾರೆ. ಮೈಗೆ ಸಗಣಿ ಮೆತ್ತಿದ ಮೇಲೆ ಯಾವ ರಾಜ್ಯದವನು ಅಂತ ಹೇಗೆ ಗುರುತು ಹಿಡಿಯುತ್ತೀರಿ? ಕನ್ನಡದ ವರನಟ ರಾಜ್‌ಕುಮಾರ್ ಹುಟ್ಟಿದ ಗಾಜನೂರೂ ತಮ್ಮ ಆಚೆ ಬದಿಯಲ್ಲೇ ಇದೆ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರರನ್ನು ಅಲ್ಲಿಂದ ಹೊತ್ತೊಯ್ದಾಗ, 108 ದಿನ ಎರಡೂ ಸರ್ಕಾರಗಳು ತಮ್ಮನ್ನು ನೆನಪಿಸಿಕೊಂಡವು. ಆಮೇಲೆ ಮತ್ತೆ ಮರೆತವು.

ಇನ್ನೊಂದು ಮಾತು. ಟಿ. ನರಸೀಪುರದ ಮೇಲೆ ಹಾಯ್ದು ಹೋಗುವ ಹೆದ್ದಾರಿ ಮುಟ್ಟುವ ಕೊಳ್ಳೇಗಾಲ, ತಾವು ಬರುವ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಾವು ಬಂದು ಕೊಳ್ಳೇಗಾಲವನ್ನು ಈಚೆ ಬಿಟ್ಟಿರಿ, ತಾಳವಾಡಿಯನ್ನು ಆಚೆ ಉಳಿಸಿಕೊಂಡಿರಿ. ಆ ದಿನ ಕೈ ಒಂಚೂರು ಅತ್ತಿತ್ತ ಆಗಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಕೊಳ್ಳೇಗಾಲದ ಯಾರೋ ಬರೆಯುತ್ತಿದ್ದರು.

ರೋಗ ಸುಳ್ಳು, ನಿಯಮವೇ ಬೇಡ ಎನ್ನುವ ಪೈಕಿ ನಾನಲ್ಲ. ನಂಜನಗೂಡಿನವನಿಗೆ ಆ ಧೈರ್ಯ ಬರುವುದೂ ಇಲ್ಲ. 2020ರ ಮಾರ್ಚ್ 26ರಂದು ನಮ್ಮೂರಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಖಚಿತವಾಯಿತು. ರಾಜ್ಯದ ಪಟ್ಟಿಯಲ್ಲಿ ಅವರು ಪಿ-52. ವಿದೇಶಕ್ಕೆ ಹೋಗಿ ಬಂದವರೇನೂ ಅಲ್ಲ. ಮೇ ಹೊತ್ತಿಗೆ ಮೈಸೂರು ಜಿಲ್ಲೆಯಲ್ಲಿ ಕಂಡ 90 ಪ್ರಕರಣಗಳಲ್ಲಿ ಬಹುಪಾಲು ಆ ಕಾರ್ಖಾನೆಯ ನಂಟಿನವೇ. ರೋಗ ಕಾರ್ಖಾನೆಯ ಸರಕಿನ ಕಂಟೇನರಿನಲ್ಲಿ ಬಂತೋ, ಮನುಷ್ಯನ ಜೊತೆ ಬಂತೋ ಎಂದು ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡರು. ತಾಳವಾಡಿ ಬಸ್ಸಿನಲ್ಲಿ ಬಂತು ಎಂದು ಮಾತ್ರ ಯಾರೂ ಹೇಳಲಿಲ್ಲ. ಆದರೂ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಸೀಮೆಯ ಹಳೇ ಪದ್ಧತಿ.

ತಮ್ಮನ್ನು ನೋಡಿ ಊರೂರೂ ಕಲಿತವು. ಮುಳ್ಳಿನ ಬೇಲಿ, ರಸ್ತೆಗೆ ಅಡ್ಡ ಕಂದಕ, ಉರುಳಿಸಿಟ್ಟ ಮರದ ದಿಮ್ಮಿ. ಹಳ್ಳಿಗೊಂದು ಗಡಿ ಹುಟ್ಟಿತು. ನಂಜುಂಡೇಶ್ವರನ ಬಾಗಿಲು ಮುಚ್ಚಿತು, ಆ ವರ್ಷದ ದೊಡ್ಡ ಜಾತ್ರೆಯೂ ನಿಂತಿತು. ಆಗ ನಮ್ಮಣ್ಣ ಫೋನ್ ಮಾಡಿ, “ನೀನು ಈಗ ಈ ಕಡೆ ತಲೆ ಹಾಕ್ಬ್ಯಾಡ ಕಣೋ. ನಂಜನಗೂಡ್ನೋನು ಅಂದ್ರೆ ಬೀದೀಲಿ ಬಾಗ್ಲು ಹಾಕ್ಕತಾರೆ” ಅಂದ. ಒಂದೇ ಜಿಲ್ಲೆ, ಒಂದೇ ತಾಯಿ ಹೊಟ್ಟೆ, ಆದರೂ ನಾನು ವಿದೇಶಿ. ನಮ್ಮೂರಿನ ಕಪಿಲೆ ಮಾತ್ರ ಯಾರನ್ನೂ ಕೇಳದೆ ಹೋಗಿ ಅವರೂರಿನಲ್ಲಿ ಕಾವೇರಿಯನ್ನು ಸೇರುತ್ತಿದ್ದಳು.

ನಂಜನಗೂಡಿನಿಂದ ತಂಗಿಯ ಊರಿಗೆ ಬೈಕಿನಲ್ಲಿ ಹೋದರೆ ನಡುವೆ ಚಾಮರಾಜನಗರ ಜಿಲ್ಲೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ ಅದು. ಅಲ್ಲಿನ ಗಡಿಯವರು ಸೇವೆಯಲ್ಲಿ ತಮಗಿಂತ ಬಹಳ ಕಿರಿಯರು, ಆದರೆ ಮಡಿಯಲ್ಲಿ ತಮ್ಮನ್ನೂ ಮೀರಿಸಿದರು. 2020ರ ಜೂನ್ ಎರಡನೇ ವಾರದ ತನಕ ಆ ಜಿಲ್ಲೆಯಲ್ಲಿ ಒಂದೂ ಸೋಂಕಿರಲಿಲ್ಲ. ಪಿ-52ರ ಊರಿನವನು ಆ ಹಸಿರು ವಲಯಕ್ಕೆ ಕಾಲಿಡುತ್ತೇನೆ ಅಂದರೆ ಬಿಟ್ಟಾರೆಯೇ? ಬಿಡದಿದ್ದುದು ಸರಿಯೇ ಇರಬಹುದು. ನನ್ನ ತಕರಾರು ಅದಲ್ಲ.

ತಕರಾರು ಬಾಣಂತನದ್ದು. ತಂಗಿಗೆ ಏಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಅನ್ನುವುದು ನಮ್ಮಲ್ಲಿ ಯಾವ ಸುತ್ತೋಲೆಯೂ ಇಲ್ಲದೆ ನಡೆದುಕೊಂಡು ಬಂದಿರುವ ಕಾನೂನು. ಅವ್ವ ಟಿ. ನರಸೀಪುರದಲ್ಲಿ ಬೆಳ್ಳುಳ್ಳಿ ಬಿಡಿಸಿ, ಹಳೇ ಪಂಚೆ ಒಗೆದು ಮಡಿಸಿ, ಸೌದೆ ಒಟ್ಟಿಕೊಂಡು ಕೂತಿದ್ದಳು. ಮೇ 18ರಂದು ನಮ್ಮ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದವರಿಗೆ ತಿಂಗಳ ಕೊನೆಯ ತನಕ ಪ್ರವೇಶವಿಲ್ಲ ಎಂದಿತು. ತಂಗಿ ಹುಟ್ಟಿದ್ದು ಟಿ. ನರಸೀಪುರದ ಆಸ್ಪತ್ರೆಯಲ್ಲಿ. ಮದುವೆಯಾದ ಪಾಪಕ್ಕೆ ತಮಿಳುನಾಡಿನವಳು.

ಆಚೆ ಕಡೆ ಈ-ಪಾಸು. ಕಾರಣ ಆರಿಸಿ ಎನ್ನುತ್ತದೆ: ಮದುವೆ, ಸಾವು, ವೈದ್ಯಕೀಯ ತುರ್ತು, ಸಿಕ್ಕಿಹಾಕಿಕೊಂಡವರು. ಮೊಬೈಲಿನಲ್ಲಿ ಅದನ್ನು ಒಂದೊಂದಾಗಿ ಓದಿ ಹೇಳಿದೆ. ಅವ್ವ ಕೇಳಿಸಿಕೊಂಡು, “ಮದ್ವೆಗ್ ಬುಡ್ತಾರೆ, ಸಾವಿಗ್ ಬುಡ್ತಾರೆ, ಮಧ್ಯ ಬರೋ ಬಾಣಂತನಕ್ ಮಾತ್ರ ಬುಡಾಕಿಲ್ವಾ?” ಅಂದಳು. ಈ ಪ್ರಶ್ನೆಗೆ ಎರಡು ರಾಜ್ಯಗಳ ಯಾವ ಸಹಾಯವಾಣಿಯಲ್ಲೂ ಉತ್ತರ ಸಿಗಲಿಲ್ಲ.

ಜೂನ್‌ನಲ್ಲಿ ನಿಯಮ ಸಡಿಲವಾಯಿತು. ತಮಿಳುನಾಡಿನಿಂದ ಬಂದವರಿಗೆ 3 ದಿನ ಸಾಂಸ್ಥಿಕ ಕ್ವಾರಂಟೈನ್, ಆಮೇಲೆ 11 ದಿನ ಮನೆ ಕ್ವಾರಂಟೈನ್. ಬಸುರಿಗೆ ವಿನಾಯಿತಿ ಇತ್ತು, ಅವಳ ಜೊತೆ ಬರುವ ಒಬ್ಬರಿಗೂ ಇತ್ತು. ಆ ಒಬ್ಬರು ಭಾವ. ಆದರೆ ಬಸುರಿಯನ್ನು ತವರಿಗೆ ಬಿಡಲು ಅತ್ತೆ ಬರದೇ ಇರುತ್ತಾರಾ? ಅಂದರೆ ನಮ್ಮ ಬೀಗಿತ್ತಿಯವರು. ಸಾಂಸ್ಥಿಕ ಅಂದರೆ ನಮ್ಮ ಕಡೆ ಹೆಚ್ಚಾಗಿ ಸರ್ಕಾರಿ ವಿದ್ಯಾರ್ಥಿನಿಲಯ. ಬೀಗಿತ್ತಿ ಬಂದರೆ ಕಾಲಿಗೆ ನೀರು ಕೊಟ್ಟು, ಅರಿಶಿನ ಕುಂಕುಮ ಇಟ್ಟು, ಮಡಿಲು ತುಂಬಿ ಕಳಿಸಬೇಕಾದ ಮನೆ, ಅವರನ್ನು ಹುಡುಗರ ಹಾಸ್ಟೆಲ್ಲಿನ ಬಾಗಿಲಲ್ಲಿ ಇಳಿಸಿ ಟವೆಲ್, ಸೋಪು, ಪ್ಲಾಸ್ಟಿಕ್ ಬಕೆಟ್ಟು ಕೈಗಿಟ್ಟು ಬರಬೇಕು! ಈ ವಿಚಾರವನ್ನು ಭಾವನಿಗೆ ಎಷ್ಟು ನಾಜೂಕಾಗಿ ಹೇಳಬಹುದೋ ಅಷ್ಟು ನಾಜೂಕಾಗಿ ಹೇಳಿದೆ. ಸ್ಪೀಕರ್ ಆನ್ ಆಗಿತ್ತು ಅಂತ ಕಾಣುತ್ತದೆ. ಹಿಂದಿನಿಂದ ಬೀಗಿತ್ತಿಯವರ ದನಿ ಬಂತು: “ನಮ್ ಮನೇಲೂ ಬಿಸ್ನೀರ್ ಕಾಯ್ತದೆ. ಹೆರ್ಗೆ ಇಲ್ಲೇ ಆಗ್ಲಿ ಬುಡಿ.” ಬಾಣಂತನ ಅಲ್ಲಿಗೆ ಮುಗಿಯಿತು.

ಕೊನೇ ಪ್ರಯತ್ನ ಎಂದು ನಾನೇ ಬೈಕು ಹತ್ತಿ ತಮ್ಮ ಸನ್ನಿಧಾನಕ್ಕೆ ಬಂದೆ. ಅವ್ವ ಕೊಟ್ಟ ಬಾಣಂತಿ ಖಾರದ ಪುಡಿಯ ಡಬ್ಬ ಬ್ಯಾಗಿನಲ್ಲಿತ್ತು. ಬ್ಯಾರಿಕೇಡಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಪೇದೆ. ಯಾವ ಸರ್ಕಾರದವರು ಎಂದು ಹೇಳುವುದಿಲ್ಲ, ಖಾಕಿ ಎರಡೂ ಕಡೆ ಒಂದೇ.

“ಪಾಸ್ ಐತಾ?”

“ಇಲ್ಲ ಸಾರ್. ತಂಗಿ ಬಸುರಿ.”

“ಮೆಡಿಕಲ್ ಅಂತ ಹಾಕ್ಬೇಕಿತ್ತು.”

“ಅವಳಿಗೆ ಕಾಯಿಲೆ ಏನಿಲ್ಲ ಸಾರ್.”

“ಕಾಯಿಲೆ ಇಲ್ಲಾಂದ್ರೆ ನೀನ್ಯಾಕಪ್ಪಾ ಹೋಗ್ಬೇಕು?”

“ಕಾಯಿಲೆ ಇದ್ದಿದ್ರೆ ಬಿಡ್ತಿದ್ರಾ ಸಾರ್?”

“ಕಾಯಿಲೆ ಇರೋರ ಮನೆಗೆ ಹೆಂಗಪ್ಪಾ ಬಿಡದು?”

ನಾವಿಬ್ಬರೂ ಈ ತರ್ಕದ ಮುಂದೆ ಸುಮ್ಮನೆ ನಿಂತಿದ್ದಾಗ ಆಚೆಯಿಂದ ಒಂದು ಗೂಡ್ಸ್ ಗಾಡಿ ಬಂತು. ಹಿಂದೆ ಎಲೆಕೋಸು, ಹಗ್ಗ ಬಿಗಿಯುವ ಮಟ್ಟಕ್ಕೆ ಒಟ್ಟಿದ್ದರು. ಪೇದೆ ಕೂತಲ್ಲಿಂದಲೇ ಹಗ್ಗ ಎಳೆದು ಅಡ್ಡಗಂಬ ಎತ್ತಿದರು. ಗಾಡಿ ನಿಲ್ಲಲೇ ಇಲ್ಲ. ಎಲೆಕೋಸು ಅಗತ್ಯ ವಸ್ತು, ತಂಗಿ ಅಲ್ಲ. ಸತ್ಯಮಂಗಲದ ಕಾಡಿನ ಆನೆಗಳು ಬಿಳಿಗಿರಿರಂಗನ ಬೆಟ್ಟದ ಕಡೆ ದಾಟುವಾಗಲೂ ತಾವು ಏನೂ ಕೇಳುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ, ಆನೆಯನ್ನು ಕೇಳುವವರು ಯಾರು. ಎಲೆಕೋಸಿನದ್ದು ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. ಖಾರದ ಪುಡಿಯ ಡಬ್ಬವನ್ನು ಆಚೆಗೆ ಹೊರಟಿದ್ದ ಇನ್ನೊಂದು ಗಾಡಿಯ ಡ್ರೈವರ್ ಕೈಲಿ ಕೊಟ್ಟೆ. ಅದು ಹಗುರವಾಗಿ ಗಡಿ ದಾಟಿ ಹೋಯಿತು.

ನಮ್ಮದು ಖಾರದ ಪುಡಿಯಲ್ಲಿ ಮುಗಿಯಿತು, ನಗಬಹುದು. ತಮ್ಮ ಬಳಗದ ಬೇರೆಯವರು ನಗುವಂಥ ಕೆಲಸ ಮಾಡಲಿಲ್ಲ. 2020ರ ಮಾರ್ಚ್‌ನಲ್ಲೇ ತಲಪಾಡಿ ಕಡೆಯ ತಮ್ಮ ಸಹೋದ್ಯೋಗಿ ಕೇರಳ ಗಡಿರೇಖೆಯವರು ಕಾಸರಗೋಡಿನ ರಸ್ತೆಗಳಿಗೆ ಮಣ್ಣು ಸುರಿಸಿಕೊಂಡು ಮಲಗಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಆ ಮಣ್ಣಿನ ಆಚೆ ಉಳಿದರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ ರೋಗಿಗಳಿಗೆ ದಾರಿ ಬಿಟ್ಟರು. ಮರುವರ್ಷ ಜಿಲ್ಲಾ ಗಡಿಗಳ ಸರದಿ. 2021ರ ಮೇ 2ರಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕದ ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು. ಕಳಿಸಲಿಲ್ಲ ಎಂದು ಒಂದು ಜಿಲ್ಲೆ, ಕಳಿಸಿದ್ದೇವೆ ಎಂದು ಇನ್ನೊಂದು ಜಿಲ್ಲೆ. ನಮ್ಮೂರಿನ ಮುಂದೆಯೇ ಹಾಯ್ದುಹೋಗುವ ದಾರಿ ಅದು, ಸಿಲಿಂಡರು ಬರಬೇಕಿದ್ದ ದಾರಿ. ಎಲೆಕೋಸಿಗಿದ್ದ ಅದೃಷ್ಟ ಆ ರಾತ್ರಿ ಸಿಲಿಂಡರಿಗೆ ಇರಲಿಲ್ಲ.

ಹೊರದೇಶದಲ್ಲೂ ತಮ್ಮ ನೆಂಟರಿದ್ದಾರೆ. ಜರ್ಮನಿಯ ಕೊನ್‌ಸ್ಟಾನ್ಜ್‌ಗೂ ಸ್ವಿಟ್ಜರ್ಲೆಂಡಿನ ಕ್ರೊಯಿಟ್ಸ್‌ಲಿಂಗನ್‌ಗೂ ನಡುವೆ 2020ರಲ್ಲಿ ತಂತಿಬೇಲಿ ಎದ್ದಿತಂತೆ. ಪ್ರೇಮಿಗಳು ಬೇಲಿಯ ಸಂದಿಯಲ್ಲಿ ಕೈ ಹಿಡಿದರು ಎಂದು ಎರಡನೇ ಬೇಲಿ ಹಾಕಿ ನಡುವೆ ಜಾಗ ಬಿಟ್ಟರು. ಶಿಸ್ತು ಅಂದರೆ ಅದು. ನಮ್ಮಲ್ಲಿ ಶಿಸ್ತು ಕಡಿಮೆ, ಮಸಿ ಹೆಚ್ಚು. ಓಟಿನ ಅಳಿಸಲಾಗದ ಮಸಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. ಅದನ್ನು ಕ್ವಾರಂಟೈನ್ ಮುದ್ರೆಗೂ ಬಳಸಬಹುದೆಂದು ಚುನಾವಣಾ ಆಯೋಗ 2020ರ ಮಾರ್ಚ್‌ನಲ್ಲೇ ಒಪ್ಪಿತು. ಚೆನ್ನೈನಿಂದ ಬಂದ ನಮ್ಮ ಬೀದಿಯ ಹುಡುಗ ಕೈ ಹಿಂದೆ ಮುದ್ರೆ ಹಾಕಿಸಿಕೊಂಡು, ಓಟಿನ ವಯಸ್ಸಾಗುವ ಮೊದಲೇ ಮಸಿ ಕಂಡ ಏಕೈಕ ಪ್ರಜೆಯಂತೆ ಮಹಡಿಯ ಮೇಲೆ ಓಡಾಡುತ್ತಿದ್ದ.

ಮಗು ಜುಲೈನಲ್ಲಿ ಹುಟ್ಟಿತು. ತೊಟ್ಟಿಲು ಶಾಸ್ತ್ರವನ್ನು ಅವ್ವ ವೀಡಿಯೊ ಕಾಲಿನಲ್ಲಿ ನೋಡಿದಳು, ಬಹುಪಾಲು ಹೊತ್ತು ಅವರ ಮನೆಯ ಫ್ಯಾನು ಕಾಣುತ್ತಿತ್ತು. ಆಗಸ್ಟ್ 17ರಿಂದ ಆಚೆಯವರು ಆಧಾರ್ ಮತ್ತು ಫೋನ್ ನಂಬರ್ ಕೊಟ್ಟರೆ ತಕ್ಷಣ ಈ-ಪಾಸ್ ಎಂದರು. 22ರಂದು ಕೇಂದ್ರ ಗೃಹ ಕಾರ್ಯದರ್ಶಿ, ರಾಜ್ಯಗಳ ನಡುವೆ ಓಡಾಟ ತಡೆಯಬೇಡಿ ಎಂದು ಪತ್ರ ಬರೆದರು. 24ರಂದು ನಮ್ಮ ಸರ್ಕಾರ ಸೇವಾ ಸಿಂಧು ಜಾಲತಾಣದ ನೋಂದಣಿ, ಗಡಿಯ ತಪಾಸಣೆ, ಕೈ ಮುದ್ರೆ, 14 ದಿನದ ಕ್ವಾರಂಟೈನ್ ಎಲ್ಲವನ್ನೂ ಒಂದೇ ಸುತ್ತೋಲೆಯಲ್ಲಿ ಕೈಬಿಟ್ಟಿತು. ಸ್ವಾರಸ್ಯ ಇರುವುದು ಇಲ್ಲಿ. ಮೇ ತಿಂಗಳಿಗೆ ಹೋಲಿಸಿದರೆ ಆ ಹೊತ್ತಿಗೆ ರಾಜ್ಯದ ದಿನದ ಸೋಂಕು ಹತ್ತಾರು ಪಟ್ಟು ಏರಿತ್ತು. ರೋಗ ಕಡಿಮೆ ಇದ್ದಾಗ ತಾವು ಕೋಟೆ, ರೋಗ ಎಲ್ಲೆಲ್ಲೂ ಆದಾಗ ತಾವು ಮತ್ತೆ ನಕ್ಷೆಯ ಮೇಲಿನ ಗೀಟು. ಮೊದಲಿನದಕ್ಕೊಂದು ಕಾರಣ, ಎರಡನೆಯದಕ್ಕೊಂದು ಕಾರಣ ತಜ್ಞರು ಕೊಡಬಲ್ಲರು, ಕೊಟ್ಟರು ಕೂಡ. ಅವ್ವನಿಗೆ ಮಾತ್ರ ಮೊಮ್ಮಗನ ತೂಕ ನೋಡಲು ಯಾಕೆ ಸೋಂಕು ಹೆಚ್ಚುವ ತನಕ ಕಾಯಬೇಕಿತ್ತು ಅನ್ನುವುದು ಹೊಳೆಯಲಿಲ್ಲ.

ಮುಂದೊಂದು ದಿನ ಇನ್ನೊಂದು ರೋಗ ಬರಬಹುದು, ತಮಗೆ ಮತ್ತೆ ಶಾಮಿಯಾನ ಎದ್ದೀತು. ಆಗ ತಮ್ಮ ಎರಡೂ ಯಜಮಾನರಿಗೆ ಹೇಳಿ ಕಾರಣಗಳ ಪಟ್ಟಿಯಲ್ಲಿ ಬಾಣಂತನ, ತೊಟ್ಟಿಲು, ತಿಥಿ ಸೇರುವಂತೆ ಮಾಡಿ. ಎರಡು ಸರ್ಕಾರ ಕೂತು ಒಂದೇ ಪಾಸು ಮಾಡಲಿ; ಈ ಕಡೆಯ ಪಾಸು ಆ ಕಡೆ ನಡೆಯದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಕಾಸರಗೋಡು–ದಕ್ಷಿಣ ಕನ್ನಡದ ನಡುವೆ ನಿತ್ಯ ಓಡಾಡುವವರಿಗೆ 2020ರ ಜೂನ್‌ನಲ್ಲಿ ಕೆಲವು ಕಾಲ ಪಾಸು ಕೊಟ್ಟಿದ್ದರು. ಅಲ್ಲಿ ಆಗಿದ್ದು ಚಾಮರಾಜನಗರ–ತಾಳವಾಡಿಯ ಹಳ್ಳಿಗಳಿಗೆ ಯಾಕೆ ಆಗಬಾರದು?

ಕಡೆಯದಾಗಿ ಒಂದು ಖಾಸಗಿ ಕೋರಿಕೆ. ತಂಗಿ ಈಗ ಮತ್ತೆ ಬಸುರಿ. ಬೀಗಿತ್ತಿಯವರು ಇವತ್ತಿಗೂ ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಹಾಸ್ಟೆಲ್ಲಿನ ಮಾತು ಎತ್ತಿದ್ದು ಸರ್ಕಾರವೇ ಹೊರತು ನಾನಲ್ಲ ಎಂದು ಒಂದು ದೃಢೀಕರಣ ಪತ್ರ, ಸಹಿ ಸೀಲು ಸಮೇತ, ನೇರವಾಗಿ ಅವರ ಹೆಸರಿಗೇ ಕಳಿಸಿಕೊಡಬೇಕಾಗಿ ವಿನಂತಿ. ಎಂಟು ತುಂಬುವುದರೊಳಗೆ ತಲುಪಿದರೆ ಉಪಕಾರ.

ಇತಿ ತಮ್ಮ ವಿಶ್ವಾಸಿ,
ತಾಳವಾಡಿ ಮನೆಯವರ ಬಾಮೈದ,
ನಂಜನಗೂಡು.